ಕ್ವೀನ್ಸ್‌ಲ್ಯಾಂಡಿನಲ್ಲಿ ತಟ್ಟಿದ ಕುಳ್ಳು

ಗೇಟಿನ ಬಳಿ

ನಾನು ನಿಂತಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಒಳನಾಡಿನಲ್ಲಿ, ಲೆನ್ ಎಂಬ ಮುದುಕನ ಹೊಲದ ಕಬ್ಬಿಣದ ಗೇಟಿನ ಮುಂದೆ, ಎಡಗಡೆಯ ಕಂಬದಿಂದ ಒಂದು ಮಾರು ದೂರದಲ್ಲಿ. ಎರಡು ಸಾವಿರದ ನಾಲ್ಕನೇ ಇಸವಿ, ಅಕ್ಟೋಬರ್ ತಿಂಗಳು, ನಮ್ಮ ದಸರಾ ರಜೆ. ಮಧ್ಯಾಹ್ನ ಮೂರೂಕಾಲು ಗಂಟೆ. ವಿಮಾನ ಇಳಿದ ಕೂಡಲೇ ಕೈಗಡಿಯಾರವನ್ನು ಅಲ್ಲಿಯ ವೇಳೆಗೆ ತಿರುಗಿಸಿಕೊಂಡಿದ್ದೆ, ಆದ್ದರಿಂದ ಈ ಲೆಕ್ಕ ಸರಿ.

ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಅಲ್ಲಿ ಕಂಡದ್ದನ್ನು ಊರಿಗೆ ಬಂದು ಹೇಳಿದಾಗ ಕೆಲವರು ನಕ್ಕರು. ಕೆಲವರು ನಾನು ಕಥೆ ಕಟ್ಟುತ್ತಿದ್ದೇನೆ ಎಂದರು. ಹಾಗಾಗಿ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಗೇಟಿನ ಆಚೆ ಎರೆಭೂಮಿ. ಅದರ ಮೇಲೆ, ಕಣ್ಣು ಹೋದಷ್ಟು ದೂರ, ಕರಿಜಾಲಿ.

ಕರಿಜಾಲಿಯಂಥ ಮರ ಅಲ್ಲ, ಕರಿಜಾಲಿಯೇ. ಬಿರುಕು ಬಿಟ್ಟ ಕಪ್ಪು ತೊಗಟೆ, ಜೋಡಿ ಬಿಳಿ ಮುಳ್ಳು, ಮಣಿಸರದ ಹಾಗೆ ಕತ್ತರಿಸಿ ಕತ್ತರಿಸಿ ಇಳಿಬಿದ್ದ ಕಾಯಿ. ತಳಕಿನಿಂದ ಚಳ್ಳಕೆರೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ನನಗೆ ಆ ಮರ ಗುರುತಿಸಲು ಪುಸ್ತಕ ಬೇಕಿರಲಿಲ್ಲ. ಹಿಂದೆ ಕಾರಿನಿಂದ ಇಳಿದ ಪಾಲಯ್ಯ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು.

“ಅಲ್ಲ ಮೇಷ್ಟ್ರೆ,” ಎಂದರು, “ರಾತ್ರಿಯೆಲ್ಲ ಇಮಾನದಾಗೆ ಕಾಲು ಮಡಿಚ್ಕಂಡು ಕುಂತು ಬಂದಿದ್ದು ಮನ ತುಮ್ಮ ಚೆಟ್ಟು, ನಮ್ಮ ಜಾಲಿಮರ ನೋಡಾಕಾ?”

ಪಾಲಯ್ಯನವರು ಮೊಳಕಾಲ್ಮುರು ಕಡೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವರು. ನನಗಿಂತ ಐದಾರು ವರ್ಷಕ್ಕೆ ಹಿರಿಯರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಶ್ಚರ್ಯವಾದಾಗ ಎರಡೂ. ಅವರ ಮನೆತನದವರು ದೇವರ ಎತ್ತು ಕಾಯುವವರು. ಆ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ದೇವರ ಹೆಸರಿನಲ್ಲಿ ಕಾವಲೆಂಬ ಹುಲ್ಲುಬಯಲಿನಲ್ಲಿ ಮೇಯಿಸಬೇಕು, ಅಷ್ಟೆ. ನಾನು ತಳಕಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಚಳ್ಳಕೆರೆಯಲ್ಲಿ ನಮ್ಮದು ಎಣ್ಣೆ ಮಿಲ್ಲಿನ ಮನೆ. ದನದ ವಿಷಯ ನನಗೆ ಹಾಲಿನ ಚೊಂಬಿನ ಆಚೆಗೆ ತಿಳಿಯದು. ಮಕ್ಕಳಿಂದ ಗಿಡ ನೆಡಿಸಿದ ಮೇಷ್ಟ್ರುಗಳೆಂದು ಒಂದು ಸೇವಾ ಸಂಘದವರು ನಮ್ಮಿಬ್ಬರನ್ನು ಆರಿಸಿ, ಅಲ್ಲಿಯ ಒಂದು ಶಾಲೆ ನೋಡಿ ಬನ್ನಿರೆಂದು ಹನ್ನೆರಡು ದಿನಕ್ಕೆ ಕಳಿಸಿದ್ದರು.

ಆ ಶಾಲೆಯ ಟೀಚರು ಮಾರ್ಗರೆಟ್. ವಿಮಾನ ನಿಲ್ದಾಣದಿಂದ ಆರು ತಾಸು ಕಾರು ಓಡಿಸಿ ನಮ್ಮನ್ನು ಕರೆತಂದವರು ಅವರೇ. ಅವರು ಗೇಟಿನ ಮೇಲೆ ಕೈಯಿಟ್ಟು ಹೇಳಿದರು: “ಇದು ನಿಮ್ಮ ದೇಶದ ಮರ. ನೆರಳಿಗೆಂದು ತಂದರು. ನನ್ನ ತಂದೆ ಹುಡುಗನಾಗಿದ್ದಾಗ ಇಲ್ಲೆಲ್ಲ ಬರೀ ಹುಲ್ಲಿತ್ತಂತೆ.”

“ಎಲ್ಲಿಯವರೆಗೆ?” ಎಂದೆ.

ಅವರು ಕೈ ಚಾಚಿದರು. ನಾನು ಆ ಕೈಯ ನೇರಕ್ಕೆ ನೋಡಿದೆ. ಬಾನು ಭೂಮಿ ಸೇರುವ ಗೆರೆಯವರೆಗೂ ಕಪ್ಪು ಕಾಂಡಗಳು, ಅವುಗಳ ಬುಡದಲ್ಲಿ ಬರೀ ಮಣ್ಣು. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ನಮ್ಮಲ್ಲಿ ಕರಿಜಾಲಿ ಮರ್ಯಾದಸ್ಥ ಮರ. ನೇಗಿಲಿಗೆ, ಗಾಡಿಯ ಚಕ್ರದ ಗುಂಬಕ್ಕೆ, ಹಲ್ಲುಜ್ಜುವ ಕಡ್ಡಿಗೆ, ಆಡಿನ ಮೇವಿಗೆ ಅದೇ. ಹೊಲಕ್ಕೆ ಎರಡೋ ಮೂರೋ ಇರುತ್ತವೆ. ಅದೇ ಮರ ಇಲ್ಲಿ ಒಂದು ನಾಡನ್ನೇ ತಿಂದು ನಿಂತಿತ್ತು. ನಾನು ಪಾಲಯ್ಯನವರ ಮುಖ ನೋಡದೆ ಪಂಚೆಯ ಅಂಚನ್ನು ಹಿಡಿದುಕೊಂಡೆ.

ಊಟದ ಮೇಜು

ನಾವು ಉಳಿಯಬೇಕಾದದ್ದು ಲೆನ್ ಅವರ ಮನೆಯಲ್ಲೇ. ಎಂಬತ್ತರ ಹತ್ತಿರದ ಮನುಷ್ಯ, ಒಣಗಿದ ಕೊರಡಿನಂತೆ ಗಟ್ಟಿ. ಅತಿಥಿಗಳೆಂದು ಕೋಳಿ ಬೇಯಿಸಿದ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದೆ. ಸರಿ ಎಂದರು. ಪಾಲಯ್ಯನವರು ತಾವು ಮಾಂಸ ತಿನ್ನುವುದುಂಟು, ಆದರೆ ತಮ್ಮ ಕುಲದಲ್ಲಿ ಕೋಳಿ ಮುಟ್ಟುವುದಿಲ್ಲ ಎಂದರು. ದನದ ಮಾಂಸ ಕೇಳುವುದೇ ಬೇಡ. ಹಂದಿಯೂ ಇಲ್ಲ. ಲೆನ್ ಚಮಚ ಕೆಳಗಿಟ್ಟು, “ಹಾಗಾದರೆ ಏನು ತಿನ್ನುತ್ತೀರಿ?” ಎಂದು ಕೇಳಿದರು.

“ಆಡು.”

“ನನ್ನ ಹತ್ತಿರ ಸಾವಿರ ದನಗಳಿವೆ. ಒಂದೇ ಒಂದು ಆಡಿಲ್ಲ,” ಎಂದು ಮುದುಕ ನಕ್ಕು, ಡಬ್ಬಿಯ ಹುರುಳಿಕಾಯಿ ಬೀಜ ತೆರೆದು ಇಬ್ಬರಿಗೂ ಬಡಿಸಿದರು.

ಊಟವಾದ ಮೇಲೆ ಮಾರ್ಗರೆಟ್ ನಮ್ಮನ್ನು ಜಗುಲಿಗೆ ಕರೆದು ಅಲ್ಲಿಯ ಸಂಕಟ ಹೇಳಿದರು. ಲೆನ್ ಮನೆಯ ಪಕ್ಕದ ನೀರಿನ ಕಟ್ಟೆಯ ಮೇಲೆ ಒಂದು ದೊಡ್ಡ ಕರಿಜಾಲಿ ಇದೆ. ಅದರ ಕೆಳಗಿನಿಂದ ಹಳ್ಳ ಹರಿಯುತ್ತದೆ. ಹಳ್ಳದ ಕೆಳಗಿನ ಬಯಲಿನಲ್ಲಿ ಅವರ ಶಾಲೆಯ ಮಕ್ಕಳು ಎರಡು ವರ್ಷದಿಂದ ಶನಿವಾರ ಶನಿವಾರ ಬಂದು ಸಸಿ ಕಿತ್ತು, ಹುಲ್ಲು ಮತ್ತೆ ಬರುವಂತೆ ಮಾಡಿದ್ದಾರೆ. ದೊಡ್ಡ ಮರದಲ್ಲಿ ಈಗ ಕಾಯಿ ಮಾಗಿದೆ. ಎರಡು ತಿಂಗಳಲ್ಲಿ ಮಳೆ. ಅದಕ್ಕೆ ಮುಂಚೆ ಆ ಮರ ಹೋಗದಿದ್ದರೆ ಮಕ್ಕಳ ಎರಡು ವರ್ಷ ವ್ಯರ್ಥ. ಲೆನ್ ಒಪ್ಪುವುದಿಲ್ಲ. ಆ ಮರವನ್ನು ಅವರ ತಾಯಿ ನೆಟ್ಟು, ಬರಗಾಲದಲ್ಲಿ ಮಕ್ಕಳ ಸ್ನಾನದ ನೀರನ್ನು ಹೊತ್ತು ಹಾಕಿ ಉಳಿಸಿದ್ದಂತೆ. ಆ ಮಕ್ಕಳ ಗುಂಪಿನ ಮುಂದಾಳು ಜೋಡಿ ಎಂಬ ಹದಿನಾಲ್ಕು ವರ್ಷದ ಹುಡುಗಿ. ಅವಳು ಲೆನ್ ಅವರ ಮೊಮ್ಮಗಳು.

“ಕೇಳದೆ ಯಾರ ಮರವನ್ನೂ ಮುಟ್ಟಬಾರದು. ಅದು ನಾನು ಮಕ್ಕಳಿಗೆ ಕಲಿಸುವ ಮೊದಲ ಪಾಠ,” ಎಂದರು ಮಾರ್ಗರೆಟ್. “ಅವಳು ಮೂರು ಸಲ ಕೇಳಿದ್ದಾಳೆ. ಅವರು ಮೂರು ಸಲವೂ ಬೇಡ ಎಂದಿದ್ದಾರೆ.”

ಒಳಗಿನಿಂದ ಲೆನ್ ಕೂಗಿ ಹೇಳಿದರು: “ಬೀಜ ಮೇಲಿನ ಹೊಲದವರ ಕಡೆಯಿಂದ ಬರುತ್ತದೆ! ನನ್ನ ಮರದ ಕಾಯಿ ನನ್ನ ದನ ತಿನ್ನುತ್ತವೆ. ಹೊಟ್ಟೆಗೆ ಹೋದ ಬೀಜ ಸತ್ತ ಬೀಜ!”

ಬೆಳಗಿನ ಉಪಕಾರ

ಈ ಭಾಗ ಬರೆಯುವುದು ಕಷ್ಟ.

ಮರುದಿನ ಆರು ಗಂಟೆಗೆ ಪಾಲಯ್ಯನವರು ನನ್ನನ್ನು ಎಬ್ಬಿಸಿದರು. ಬಾಯಲ್ಲಿ ಕರಿಜಾಲಿ ಕಡ್ಡಿ. ರಾತ್ರಿಯೆಲ್ಲ ಯೋಚಿಸಿದ್ದರಂತೆ. “ಮೇಷ್ಟ್ರೆ, ಮರಾನೂ ಉಳೀಬೇಕು, ಹುಡುಗ್ರ ಕೆಲಸಾನೂ ಉಳೀಬೇಕು. ಕಾಯಿ ಉದುರಿ ಹಳ್ಳಕ್ಕೆ ಹೋದ್ರೆ ತಾನೆ ತಕರಾರು? ಈಗ್ಲೇ ಬಡಿದು ತಿನ್ನಿಸಿಬಿಟ್ರೆ?”

“ಯಾವುಕ್ಕೆ?”

“ಅಲ್ಲಿ ದೊಡ್ಡಿಯಾಗೆ ಹನ್ನೊಂದು ಕರ ಕೂಡ್ಯಾಕಿದಾರೆ ನೋಡ್ರಿ. ಪಾಪ, ಒಣಹುಲ್ಲು ತಿಂದು ತಿಂದು ನಾಲಿಗೆ ಜಡ್ಡಾಗೈತೆ.”

ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಂಡ ಮೇಲೆ, ಬೆಳಗ್ಗೆ ಅವರ ಹಟ್ಟಿಯ ಜೀವಕ್ಕೆ ಒಂದು ಹಿಡಿ ಮೇವು ಹಾಕದೆ ಹೊರಡುವುದು ಪಾಲಯ್ಯನವರ ಮನೆತನದಲ್ಲಿ ಇಲ್ಲ. ಅವರು ಒಂದು ಉದ್ದನೆಯ ಕೊಕ್ಕೆಗೋಲು ಹುಡುಕಿಕೊಂಡಿದ್ದರು. ಅವರು ಬಡಿದರು. ನಾನು ಕೆಳಗೆ ಪಂಚೆ ಹಿಡಿದೆ. ಎರಡು ಪಂಚೆ ತುಂಬ ಕಾಯಿ ಬಿತ್ತು. ಕರುಗಳು ಬೇಲಿಗೆ ಎದೆಯೊತ್ತಿ ತಿಂದವು. ಲೆನ್ ಟೀ ಲೋಟ ಹಿಡಿದು ಜಗುಲಿಯಿಂದ ನೋಡುತ್ತ, “ಇಂಡಿಯಾದವರಿಗೆ ಗೊತ್ತು!” ಎಂದು ಖುಷಿಪಟ್ಟರು.

ಎಂಟು ಗಂಟೆಗೆ ಮಾರ್ಗರೆಟ್ ಅವರ ಕಾರಿನಲ್ಲಿ ಜೋಡಿ ಬಂದಿಳಿದಳು. ಅವಳು ಮೊದಲು ನೋಡಿದ್ದು ನಮ್ಮನ್ನಲ್ಲ, ಕರುಗಳ ಕಾಲ ಕೆಳಗಿನ ಕಾಯಿ ಸಿಪ್ಪೆಯನ್ನು. ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ಹತ್ತು ಅಡಿ ದೂರದಿಂದ ಕಂಡೆ.

“ಒಂಬತ್ತು ಗಂಟೆಗೆ ಇವನ್ನು ಕೆಳಗಿನ ಬಯಲಿಗೆ ಬಿಡುವವರಿದ್ದಿರಿ, ಅಲ್ಲವೇ ತಾತ?” ಎಂದಳು. “ನಾವು ತೊಳೆದಿಟ್ಟ ಬಯಲಿಗೆ?”

ಆಗ ಮಾರ್ಗರೆಟ್ ನಮಗೆ ಬಿಡಿಸಿ ಹೇಳಿದರು. ಆಡು ಬೀಜವನ್ನು ಅಗಿದು ಹಾಳುಮಾಡುತ್ತದೆ, ಇಲ್ಲವೇ ಮೆಲುಕು ಹಾಕುವಾಗ ಉಗುಳುತ್ತದೆ. ದನ ಹಾಗಲ್ಲ. ಬಹುಪಾಲು ಬೀಜ ಅದರ ಹೊಟ್ಟೆಯಲ್ಲಿ ಸಾಯದೆ, ಸಿಪ್ಪೆ ಮೆತ್ತಗಾಗಿ, ಗೊಬ್ಬರದ ಸಮೇತ ಹೊರಗೆ ಬೀಳುತ್ತದೆ. ಬಿತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಕೂರಿಗೆ ಇಲ್ಲ. ಎಲ್ಲ ಬೀಜ ಹೊರಬರಲು ಏಳು ದಿನ ಬೇಕು.

ಇಪ್ಪತ್ತು ವರ್ಷ ಜೀವಶಾಸ್ತ್ರ ಹೇಳಿದ ಪಾಲಯ್ಯನವರು ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟರು. ಹದಿನಾಲ್ಕು ವರ್ಷ ವಿಜ್ಞಾನ ಹೇಳಿದ ನಾನು ಪಂಚೆ ಕೊಡವಲೂ ಹೆದರಿ ಹಾಗೇ ನಿಂತೆ.

ಜೋಡಿ ದೊಡ್ಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ತಾತ, ಏಳು ದಿನ ಬಿಡಬೇಡಿ.”

ಲೆನ್ ಟೀ ಲೋಟ ಕೆಳಗಿಟ್ಟು ಜಗುಲಿಯಿಂದ ಇಳಿದು ಬಂದರು. “ಏಳು ದಿನ. ಇವು ಎರಡು ವಾರದಿಂದ ದೊಡ್ಡಿಯಲ್ಲೇ ಇವೆ, ಬೇರೆ ಕಾಯಿ ತಿಂದಿಲ್ಲ. ಆ ಸಗಣಿಯಿಂದ ಒಂದು ಬೀಜ ಮೊಳೆಯಿಸಿ ತೋರಿಸು.”

“ತೋರಿಸಿದರೆ?”

“ಆಗ ಮರದ ಮಾತಾಡೋಣ. ತೋರಿಸದಿದ್ದರೆ ನನ್ನ ತಾಯಿಯ ಮರದ ಮಾತನ್ನು ಇನ್ನು ನೀನು ಎತ್ತಬಾರದು.”

ಶಾಲೆಯ ಪಡಸಾಲೆ

ಆ ಶಾಲೆಗೆ ಕಾಂಪೌಂಡಿಲ್ಲ. ಮಕ್ಕಳು ಪ್ರಿನ್ಸಿಪಾಲರನ್ನು ಹೆಸರು ಹಿಡಿದು ಕರೆಯುತ್ತಾರೆ. ಅದನ್ನು ಕೇಳಿ ಪಾಲಯ್ಯನವರು ಪ್ರತಿ ಸಲವೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು, ಯಾರಾದರೂ ಬೆತ್ತ ತರುತ್ತಾರೇನೋ ಎಂದು. ಪಡಸಾಲೆಯಲ್ಲಿ ಒಂದು ಬೆಂಚು, ಒಂದು ಡಬ್ಬಿ. ಹೊಲದಿಂದ ಬಂದವರು ಯಾರೇ ಆಗಲಿ ಅಲ್ಲಿ ಕುಳಿತು ಕಾಲುಚೀಲ, ಬೂಟು, ಪಂಚೆಯ ಅಂಚಿಗೆ ಅಂಟಿದ ಬೀಜ ಆರಿಸಿ ಡಬ್ಬಿಗೆ ಹಾಕಬೇಕು. ಮೂರು ಮಕ್ಕಳು ನಮ್ಮ ಮುಂದೆ ಕೂತು, ತಲೆಯಲ್ಲಿ ಹೇನು ನೋಡುವ ಅಜ್ಜಿಯರ ಶ್ರದ್ಧೆಯಿಂದ, ನಮ್ಮ ಪಂಚೆಗಳಿಂದ ಹದಿಮೂರು ಬೀಜ ಆರಿಸಿದರು. ಅವುಗಳಲ್ಲಿ ಎರಡರ ಹೆಸರು ಗೊತ್ತಿಲ್ಲವೆಂದು ಬೇರೆ ಕಾಗದದಲ್ಲಿ ಮಡಚಿಟ್ಟರು.

ಅಲ್ಲೇ ಕಿಟಕಿಯ ಕೆಳಗೆ ತಟ್ಟೆಗಳಲ್ಲಿ ಎರೆಮಣ್ಣು. ಯಾವ ಬೀಜ, ಎಲ್ಲಿಯದು, ಎಂದು ಬಿತ್ತಿದ್ದು, ಎಂದು ಮೊಳೆತದ್ದು ಎಂದು ಮಕ್ಕಳೇ ಬರೆದ ಚೀಟಿಗಳು. ನಮ್ಮಲ್ಲಿ ವನಮಹೋತ್ಸವದ ದಿನ ಗುಂಡಿ ತೋಡಿಸಿ, ಸಸಿ ಕೈಗೆ ಕೊಟ್ಟು, ಫೋಟೋ ತೆಗೆಸುತ್ತೇವೆ. ಯಾವ ಸಸಿ, ಎಲ್ಲಿಯದು ಎಂದು ಯಾವ ಮಗುವೂ ಕೇಳಿಲ್ಲ. ಕೇಳುವಂತೆ ನಾನು ಕಲಿಸಿಲ್ಲ.

ಹನ್ನೊಂದು ಕರುವಿನ ಏಳು ದಿನದ ಸಗಣಿ ಏನು ಮಾಡುವುದು ಎಂಬುದು ಆ ದಿನದ ತರಗತಿ. ಹೂಳೋಣ ಎಂದ ಒಬ್ಬ. ಹೂತರೆ ಬೀಜ ವರ್ಷಗಟ್ಟಲೆ ಬದುಕಿರುತ್ತದೆ ಎಂದಳು ಇನ್ನೊಬ್ಬಳು. ಸುಡೋಣ ಎಂದರು. ಹಸಿ ಸಗಣಿ ಹೇಗೆ ಸುಡುವುದು?

ಪಾಲಯ್ಯನವರು ನನ್ನ ಕಡೆ ಬಾಗಿ, “ಇದ್ರಾಗೇನೈತೆ ಮೇಷ್ಟ್ರೆ? ಸುಡಬೇಕಂದ್ರೆ ಒಣಗಬೇಕು. ಒಣಗಬೇಕಂದ್ರೆ ತಟ್ಟಬೇಕು. ಹೇಳ್ರಿ ಅವ್ರಿಗೆ,” ಎಂದರು.

“ನೀವೇ ಹೇಳ್ರಿ.”

“ಕುಳ್ಳಿಗೆ ಇಂಗ್ಲಿಷಿನಾಗೆ ಏನಂತಾರೋ ಯಾರಿಗೆ ಗೊತ್ತು? ನಡೀರಿ, ತೋರಿಸ್ತೀನಿ.”

ತಗಡಿನ ಗೋಡೆ

ಸಮುದ್ರ ನೋಡಲು ಹೋಗುವ ಏರ್ಪಾಡಿತ್ತು. ಪಾಲಯ್ಯನವರು ಹುಟ್ಟಿದ ಮೇಲೆ ಸಮುದ್ರ ಕಂಡಿರಲಿಲ್ಲ. ನಾವೇ ಅದನ್ನು ಬಿಟ್ಟೆವು. ತಪ್ಪು ನಮ್ಮದು, ಸಗಣಿಯೂ ನಮ್ಮದು.

ಲೆನ್ ಅವರ ಕೊಟ್ಟಿಗೆಗೆ ಪಶ್ಚಿಮಕ್ಕೆ ಮುಖ ಮಾಡಿದ ತಗಡಿನ ಗೋಡೆ. ಮುಂಜಾನೆ ಮಕ್ಕಳು ಬಕೆಟ್ಟಿನಲ್ಲಿ ಸಗಣಿ ಬಳಿದು ತರುತ್ತಿದ್ದರು. ಪಾಲಯ್ಯನವರು ಅಂಗಿಯ ತೋಳು ಮಡಚಿ, ಕೊಟ್ಟ ಕೈಗವಸು ಬೇಡವೆಂದು, ಹುಲ್ಲಿನ ಪುಡಿ ಬೆರೆಸಿ, ಉಂಡೆ ಕಟ್ಟಿ, ಗೋಡೆಗೆ ತಟ್ಟುತ್ತಿದ್ದರು. ಐದು ಬೆರಳೂ ಮೂಡಿದ ಕುಳ್ಳು, ಕೆಲವರು ಬೆರಣಿ ಎನ್ನುವುದು. ಮಕ್ಕಳು ಮೊದಲು ಮೂಗು ಮುಚ್ಚಿ, ಆಮೇಲೆ ನಕ್ಕು, ಮೂರನೆಯ ದಿನಕ್ಕೆ ಪೈಪೋಟಿಗೆ ಬಿದ್ದರು. ಪಾಲಯ್ಯನವರು ಕಾಪಿ ತಿದ್ದುವ ಹಾಗೆ ಒಂದೊಂದನ್ನೇ ನೋಡಿ, “ದಪ್ಪ ಆಯ್ತು. ಅಂಚು ತೆಳ್ಳಗೆ ಬರ್ಲಿ,” ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಮಕ್ಕಳಿಗೆ ತಿಳಿಯುತ್ತಿತ್ತು.

ನಾನು ತಟ್ಟಿದ್ದು ಜಾರಿ ಬಿತ್ತು.

“ಎಣ್ಣೆ ಮಿಲ್ಲಿನ ಮನೆಯೋರು,” ಎಂದರು ಪಾಲಯ್ಯನವರು. “ಕೈಯಾಗೆ ಬರೇ ಜಾರೋದೇ ಐತೆ.”

“ನಿಮ್ಮವ್ವ ಕಲಿಸಿದ್ಲೇನು?”

“ಅಕ್ಕ ಕಲಿಸಿದ್ಲು. ಗಂಡ್ಸು ಕುಳ್ಳು ತಟ್ಟೋದು ನೋಡಿದ್ರೆ ನಮ್ಮವ್ವ ಊರೆಲ್ಲ ಹೇಳ್ಕೊಂಡು ನಗ್ತಿದ್ಲು. ನೀವು ಊರಾಗೆ ಬಾಯಿ ಬಿಟ್ಟೀರಾ ಮತ್ತೆ!”

ಬಿಟ್ಟಿದ್ದೇನೆ. ಕ್ಷಮಿಸಲಿ.

ನಾಲ್ಕನೆಯ ದಿನ ಸಂಜೆ ಐದು ಗಂಟೆಯ ಸುಮಾರಿಗೆ ಬಿಸಿಲು ಆ ಗೋಡೆಗೆ ನೇರ ಬಿದ್ದಿತ್ತು. ಒಣಗಿ ಕುಗ್ಗಿದ ಕುಳ್ಳುಗಳಲ್ಲಿ ಬೀಜಗಳು ಹೊರಗೆ ಎದ್ದು ಕಾಣುತ್ತಿದ್ದವು, ಹಳೆಯ ಬಾಗಿಲಿಗೆ ಬಡಿದ ಮೊಳೆಗಳ ಹಾಗೆ. ಗೋಡೆಯ ಈ ತುದಿಯಿಂದ ಆ ತುದಿಗೆ ಕಂದು ಬಣ್ಣದ ಸಾವಿರಾರು ಕಣ್ಣು. ಯಾರೂ ಕರೆಯದೆ ಲೆನ್ ಬಂದರು. ಒಂದು ಕುಳ್ಳಿನ ಮುಂದೆ ನಿಂತು, ತೋರುಬೆರಳಿನಿಂದ ಒಂದೊಂದೇ ಬೀಜ ಮುಟ್ಟಿ ಎಣಿಸತೊಡಗಿದರು. ತುಟಿ ಆಡುತ್ತಿತ್ತು. ನಾನು ಹಿಂದೆ ನಿಂತು ಅವರೊಡನೆ ಎಣಿಸಿದೆ. ನನ್ನ ಲೆಕ್ಕಕ್ಕೆ ಎಂಬತ್ತಾರು ಬಂತು. ಅವರು ಎಷ್ಟೆಂದು ಹೇಳಲಿಲ್ಲ. ಪಕ್ಕದ ಕುಳ್ಳನ್ನು ಎಣಿಸಲು ಶುರುಮಾಡಿ ನಡುವೆ ಕೈ ಇಳಿಸಿದರು.

ಆಗ ನಾನು, ಹೇಳಬೇಕೆಂದು ಹೊರಟದ್ದಲ್ಲದಿದ್ದರೂ, ಹೇಳಿಬಿಟ್ಟೆ. ನಮ್ಮೂರ ಹತ್ತಿರ ದೊಡ್ಡಉಳ್ಳಾರ್ತಿ ಎಂಬ ಊರಿದೆ, ಅದರ ಪಕ್ಕ ಕಾವಲು, ಎದೆಯೆತ್ತರ ಹುಲ್ಲು ಬೆಳೆಯುವ ಬಯಲು. ಅದರ ಅಂಚಿಗೆ ಹಸಿರು ಬೇಲಿಯಾಗಲೆಂದು ಬಳ್ಳಾರಿ ಜಾಲಿಯ ಬೀಜವನ್ನು ನಾನೇ ಮಕ್ಕಳ ಕೈಯಿಂದ ಊರಿಸಿದ್ದೆ. ಅದು ನಮ್ಮ ದೇಶದ ಮರವಲ್ಲ. ಬರದಲ್ಲೂ ಹಸಿರಾಗಿರುತ್ತದೆ, ಅದಕ್ಕೇ ಊರಿಸಿದೆ. ಈಗ ಅದು ಬೇಲಿ ಬಿಟ್ಟು ಒಳಕ್ಕೆ ನಡೆದಿದೆ. ಅದಕ್ಕಾಗಿ ನನಗೆ ಶಾಲು ಹೊದಿಸಿದ್ದಾರೆ. ಅದರಿಂದಲೇ ನಾನು ಇಲ್ಲಿಗೆ ಬಂದದ್ದು.

ಲೆನ್ ತಿರುಗಿ ನೋಡಲಿಲ್ಲ. “ಆ ಮಕ್ಕಳಿಗೆ ಹೇಳಿದ್ದೀರಾ?” ಎಂದರು.

“ಇಲ್ಲ.”

“ಹೇಳುವುದು ಕಷ್ಟ,” ಎಂದರು.

ಮರದ ಕೆಳಗೆ

ಏಳನೆಯ ದಿನದ ಮಧ್ಯಾಹ್ನ ಜೋಡಿ ಒಂದು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬಂದಳು. ಎರಡನೆಯ ದಿನದ ಸಗಣಿಯಿಂದ ಆರಿಸಿ ಬಿತ್ತಿದ ಇಪ್ಪತ್ತು ಬೀಜ. ನಾಲ್ಕು ಮೊಳೆತಿದ್ದವು. ಎರಡೆರಡು ದಪ್ಪ ಎಲೆ, ನಡುವೆ ಕೂದಲಿನಷ್ಟು ಹಸಿರು. ಅವಳು ಗೆದ್ದವಳಂತೆ ಕಾಣಲಿಲ್ಲ. ತಟ್ಟೆಯನ್ನು ತಾತನ ಮೊಣಕಾಲ ಮೇಲಿಟ್ಟು ಪಕ್ಕದಲ್ಲಿ ಕುಳಿತಳು. ಲೆನ್ ತೋರುಬೆರಳಿನಿಂದ ನಾಲ್ಕನ್ನೂ ಮುಟ್ಟಿ ಎಣಿಸಿದರು. ಅವಳು ಅತ್ತಳು. ಅವರು ಅಳಲಿಲ್ಲ.

ಮರುದಿನ ಮುಂಜಾನೆ ಏಳು ಗಂಟೆಗೆ, ಲೆನ್ ಹೇಳಿಕಳಿಸಿದಂತೆ, ಮಕ್ಕಳೆಲ್ಲ ಕಟ್ಟೆಯ ಬಳಿ ಸೇರಿದರು. ಮರದ ಕೆಳಗೆ ಟಾರ್ಪಾಲು ಹಾಸಿ, ಕಾಯಿ ಬಡಿದು, ಒಂದೂ ಬಿಡದೆ ಆರಿಸಿ, ಒಣಗಿದ ಕುಳ್ಳಿನ ಜೊತೆ ಸುಡಲೆಂದು ಮೂಟೆ ಕಟ್ಟಿದರು. ಈ ಸಲವೂ ಕೋಲು ಪಾಲಯ್ಯನವರ ಕೈಯಲ್ಲಿತ್ತು. ಎಲ್ಲ ಮುಗಿದ ಮೇಲೆ ಅವರು ಕೋಲಿಟ್ಟು, ಚಪ್ಪಲಿ ಕಳಚಿ, ಬುಡಕ್ಕೆ ಹೋಗಿ ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡರು. “ತಪ್ಪಾತಮ್ಮ. ನಮ್ಮ ನೆಲದಾಗಿದ್ರೆ ಇದ್ಯಾವ್ದೂ ಇರ್ತಿರಲಿಲ್ಲ,” ಎಂದರು. ಅವರೇನು ಹೇಳಿದರೆಂದು ಲೆನ್ ನನ್ನನ್ನು ಕೇಳಿದರು. ಹೇಳಿದೆ. ಅವರು ಟೊಪ್ಪಿ ತೆಗೆದರು. ಅವರನ್ನು ನೋಡಿ ಇಪ್ಪತ್ತಾರು ಮಕ್ಕಳೂ ಟೊಪ್ಪಿ ತೆಗೆದರು.

ಆ ಮುದುಕ ಮಕ್ಕಳ ಕಡೆ ತಿರುಗಿ ಹೇಳಿದ್ದನ್ನು ಅಲ್ಲೇ ಬರೆದುಕೊಂಡೆ. “ಇದನ್ನು ನೆಟ್ಟವಳು ನನ್ನ ತಾಯಿ. ನೆಡುವುದು ಒಳ್ಳೆಯದೆಂದು ಆಗ ಎಲ್ಲರೂ ಹೇಳಿದ್ದರು. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದೆ. ಗೊತ್ತಾದವನು ಕಡಿಯಬೇಕು.”

ಗರಗಸ ಅವರೇ ಹಿಡಿದರು. ಮಗ, ಜೋಡಿಯ ತಂದೆ, ಕೊಡಿ ಎಂದರೂ ಕೊಡಲಿಲ್ಲ. ಮರ ಕಟ್ಟೆಯ ಹೊರಮಗ್ಗುಲಿಗೆ ಮಲಗಿತು. ಕೂಡಲೇ ಕಡಿದ ಬುಡಕ್ಕೆ ಔಷಧಿ ಬಳಿದರು. ಅದು ಮತ್ತೆ ಚಿಗುರದಂತೆ ತಡೆಯುವ ಔಷಧಿ, ದೊಡ್ಡವರಷ್ಟೇ ಮುಟ್ಟುವಂಥದ್ದು. ಮರವಿದ್ದ ಜಾಗದಲ್ಲಿ ಒಮ್ಮೆಗೇ ಅಷ್ಟು ಬೆಳಕು ಬಿತ್ತು. ಕೆಳಗೆ, ಹಳ್ಳದಾಚೆ, ಮಕ್ಕಳು ತೊಳೆದಿಟ್ಟ ಬಯಲು ಅಲ್ಲಿಂದ ಮೊದಲ ಸಲ ಕಾಣಿಸಿತು. ಹಳ್ಳದುದ್ದಕ್ಕೂ ಒಣಹುಲ್ಲು, ಗಾಳಿಗೆ ಒಂದೇ ಕಡೆ ಬಾಗಿ ಏಳುತ್ತಿತ್ತು. ನನ್ನ ಪಕ್ಕದಲ್ಲಿ ಪಾಲಯ್ಯನವರು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು.

“ದ್ಯಾವ್ರ ಎತ್ತು ಮೇಯೋ ಜಾಗ, ಮೇಷ್ಟ್ರೆ,” ಎಂದರು.

ಕಂಡವರು

ಊರಿಗೆ ಬಂದ ಮೇಲಿನ ಮೊದಲ ಸೋಮವಾರ, ಎರಡನೆಯ ಪಿರಿಯಡ್ಡಿನಲ್ಲಿ, ತಳಕಿನ ಹತ್ತನೆಯ ತರಗತಿಯ ಮುಂದೆ ನಿಂತು, ಆ ಬೀಜ ಊರಿಸಿದ್ದು ನನ್ನ ತಪ್ಪು ಎಂದು ಹೇಳಿದೆ. ಮಾತು ಮೂರು ನಿಮಿಷಕ್ಕೆ ಮುಗಿಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾ, ಹಂಗಾರೆ ಕೀಳಾಕೆ ಯಾವತ್ತು ಹೋಗಾನ?” ಎಂದಳು. ಅವಳ ತಾಯಿಗೆ ಒಲೆಯುರಿಗೆ ಆ ಜಾಲಿಯೇ ಬೇಕು. ಹಾಗಾಗಿ ಮೊದಲು ಊರವರನ್ನು ಕೇಳಿದೆವು. ಸೌದೆ ಅವರಿಗೆ, ಬೇರು ನಮಗೆ ಎಂದು ಮಾತಾಯಿತು. ಪ್ರತಿ ವರ್ಷ ಹೋಗುತ್ತೇವೆ. ಮುಗಿದಿಲ್ಲ.

ಇದನ್ನು ಬರೆಯುತ್ತಿರುವುದು ಐದು ವರ್ಷದ ಮೇಲೆ. ಲೆನ್ ಈಗಿಲ್ಲ, ಎರಡನೆಯ ಮಳೆಗಾಲ ಕಳೆದ ಮೇಲೆ ತೀರಿಕೊಂಡರು. ಆ ಬೆಳಗ್ಗೆ ಅಲ್ಲಿದ್ದವರಲ್ಲಿ ಮಾರ್ಗರೆಟ್ ಇದ್ದಾರೆ, ಅದೇ ಶಾಲೆಯಲ್ಲಿ. ಲೆನ್ ಅವರ ಮಗ ಇದ್ದಾರೆ. ಆ ಮಕ್ಕಳೆಲ್ಲ ಇದ್ದಾರೆ, ಬೇರೆ ಬೇರೆ ಊರುಗಳಲ್ಲಿ. ಪಾಲಯ್ಯನವರು ಮೊಳಕಾಲ್ಮುರಿನಲ್ಲಿದ್ದಾರೆ, ನಿವೃತ್ತರಾಗಿ, ಹೋದರೆ ಸಿಗುತ್ತಾರೆ. ಜೋಡಿ ಇದ್ದಾಳೆ. ಹತ್ತೊಂಬತ್ತು ವರ್ಷ, ತಂದೆಯ ಜೊತೆ ಆ ಹೊಲ ನೋಡಿಕೊಳ್ಳುತ್ತಾಳೆ. ಹಿಂದೆಂದೋ ಬಿದ್ದ ಬೀಜ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಪ್ರತಿ ಮಳೆಗೂ ಅಷ್ಟಿಷ್ಟು ಮೇಲೆ ಬರುತ್ತದೆ. ಈ ವರ್ಷ ಮೊದಲ ಮಳೆಯಾದ ಮೇಲೆ ಹಳ್ಳದುದ್ದಕ್ಕೂ ನಡೆದು ಹದಿನೇಳು ಸಸಿ ಕಿತ್ತೆನೆಂದು ಬರೆದಿದ್ದಾಳೆ.